ಈಬತ್ತಿ ಹಚ್ಚಿದ ರೇಡಿಯೋ

ನಿವೃತ್ತನಾದ ಮೇಲೆ ಹಳೆಯ ವಾಲ್ವ್ ರೇಡಿಯೋಗಳನ್ನು ಬಿಚ್ಚಿಕೊಂಡು ಕೂರುವುದು ನನಗೆ ಚಟವಾಗಿದೆ. ಬೀದರಿನ ನೌಬಾದಿನಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಗೆ ಹೆಂಡತಿ ಕಾಲಿಡುವುದಿಲ್ಲ. ಇಟ್ಟರೆ ಸ್ಕ್ರೂ ಚುಚ್ಚುತ್ತದೆ. ಹೋದ ವರ್ಷ ಭಾಲ್ಕಿಯ ಸೋದರತ್ತೆ ಕರೆದು, ಮಾವನ ರೇಡಿಯೋ ಒಮ್ಮೆ ನೋಡಪ್ಪ ಎಂದಾಗ, ದೊಡ್ಡ ಡಾಕ್ಟರನ ಗತ್ತಿನಲ್ಲೇ ಹೋದೆ.

ಆ ರೇಡಿಯೋ ಅಂದರೆ ಮಾವನಿಗೆ ಜೀವ. ಅವರು ತೀರಿಕೊಂಡ ಮೇಲೆ ಅತ್ತೆ ಪ್ರತಿ ಸೋಮವಾರ ಸ್ನಾನ ಮಾಡಿ, ನಮ್ಮ ಕಡೆ ಈಬತ್ತಿ ಎನ್ನುವ ವಿಭೂತಿಯನ್ನು ನೀರಲ್ಲಿ ಕಲಸಿ, ಸ್ಪೀಕರಿನ ಮುಂದಿನ ಬಟ್ಟೆಯ ಮೇಲೆ ಮೂರು ಬೆರಳು ಎಳೆಯುತ್ತಿದ್ದರು. ಕೊರಳಲ್ಲಿ ಲಿಂಗವಿರುವಾಗ ಪೆಟ್ಟಿಗೆಗೇಕೆ ಈ ಸೇವೆ ಎಂದು ಮಗಳು ರೇಗಿದರೂ ಕೇಳಲಿಲ್ಲ. ಆಮೇಲೆ ಔರಾದಿನಲ್ಲಿರುವ ಆ ಮಗಳೇ ಕಾಲು ಮುರಿದುಕೊಂಡಳು. ಅತ್ತೆ ಮೂರು ತಿಂಗಳು ಅಲ್ಲೇ ಉಳಿದರು. ತಿರುಗಿ ಬಂದು ಸ್ವಿಚ್ ಹಾಕಿದರೆ ರೇಡಿಯೋದ ದೀಪ ಹತ್ತಿತು, ದನಿ ಮಾತ್ರ ಇಲ್ಲ.

"ಮೂರು ತಿಂಗಳು ಈಬತ್ತಿ ತಪ್ಪಸೀನಪಾ. ನಿಮ್ಮ ಮಾಮಾ ಸಿಟ್ಟಿಗೆದ್ದು ಬಾಯಿ ಮುಚ್ಚ್ಯಾರ" ಎಂದರು.

ನಗಲು ಹೋದವನು ಅವರ ಮುಖ ನೋಡಿ ಸುಮ್ಮನಾದೆ. ದನಿ ಬಾರದಿದ್ದರೆ ಈ ಮುದುಕಿ ಇಲ್ಲದ ತಪ್ಪಿನ ಹೊರೆ ಹೊತ್ತೇ ಉಳಿದ ದಿನ ಕಳೆಯುತ್ತಾರೆ ಎಂದು ನನಗೆ ದಿಗಿಲಾಯಿತು. ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಬೀದರಿನ ಬಸ್ಸು ಹತ್ತಿದೆ.

ಹಳೆಯ ಕಂಡೆನ್ಸರ್‌ಗಳನ್ನೆಲ್ಲ ಕಿತ್ತು ಹೊಸವು ಹಾಕಿದೆ. ಎರಡು ವಾರ ಹೋಯಿತು, ಒಂದು ಗುಂಯ್ ಇಲ್ಲ. ನನ್ನ ಡಾಕ್ಟರಿಕೆಯ ಗತ್ತೆಲ್ಲ ಇಳಿಯಿತು. ಕೊನೆಗೆ ದನಿ ಹೊರಡಿಸುವ ವಾಲ್ವಿನ ಒಳಗಿನ ಜಾಲರಿ ಕೆಂಪಗೆ ಕಾಯುತ್ತಿರುವುದು ಕಂಡಿತು. ತಕ್ಷಣ ಸ್ವಿಚ್ ತೆಗೆದೆ. ಜಾಲರಿ ಹಾಗೆ ಕಾದಿದೆ ಅಂದರೆ ವಾಲ್ವಿನಿಂದ ಸ್ಪೀಕರಿಗೆ ಹೋಗುವ ದಾರಿಯಲ್ಲಿ, ಟ್ರಾನ್ಸ್‌ಫಾರ್ಮರಿನ ತಂತಿ ಎಲ್ಲೋ ಹರಿದಿದೆ. ಅದು ಸ್ಪೀಕರಿನ ಬುಡದಲ್ಲೇ ಕೂತಿತ್ತು. ಬಿಚ್ಚಿದರೆ ಅದರ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ.

ಬಟ್ಟೆಯಿಂದ ಸೋಮವಾರಕ್ಕೊಮ್ಮೆ ಇಳಿದ ಈಬತ್ತಿಯ ನೀರು ಕೂದಲೆಳೆಯಂಥ ತಾಮ್ರದ ತಂತಿಯನ್ನು ಹಸಿರುಗಟ್ಟಿಸಿ ತಿಂದುಹಾಕಿತ್ತು. ತಪ್ಪಿಸಿದ ಸೇವೆಯಿಂದಲ್ಲ, ತಪ್ಪದೆ ಮಾಡಿದ ಸೇವೆಯಿಂದಲೇ ರೇಡಿಯೋ ಮೂಕವಾಗಿತ್ತು.

ಅದೃಷ್ಟಕ್ಕೆ ಹರಿದದ್ದು ಹೊರಗಿನ ಸುತ್ತಿನಲ್ಲೇ. ಒಳಗಾಗಿದ್ದರೆ ಪೂರ್ತಿ ಬಿಚ್ಚಿ ಸುತ್ತಿಸಬೇಕಿತ್ತು, ಸುತ್ತುವವರು ಈಗ ಎಲ್ಲಿದ್ದಾರೆ? ಉಸಿರು ಬಿಗಿಹಿಡಿದು ಬೆಸುಗೆ ಹಾಕಿದೆ. ಎರಡು ಸಲ ಕೈಕೊಟ್ಟಿತು, ಮೂರನೆಯ ಸಲ ಕಚ್ಚಿಕೊಂಡಿತು. ಸ್ವಿಚ್ ಹಾಕಿ ಕಾದೆ. ವಾಲ್ವ್ ಬಿಸಿಯಾಗಿ, ಒಬ್ಬ ಹೆಣ್ಣುಮಗಳು ತೊಗರಿಗೆ ಹುಳ ಬಿದ್ದರೆ ಯಾವ ಔಷಧಿ ಹೊಡೆಯಬೇಕೆಂದು ಹೇಳತೊಡಗಿದಳು. ನನಗೆ ಒಂದು ಗೇಣು ಹೊಲವಿಲ್ಲ. ಆದರೂ ಕೊನೆಯವರೆಗೆ ಕೇಳಿದೆ. ಅಷ್ಟು ಖುಷಿಯಾಗಿತ್ತು.

ಭಾಲ್ಕಿಗೆ ಹೋಗುವಾಗ ಒಂದು ಸುಳ್ಳು ಸಿದ್ಧಮಾಡಿಕೊಂಡಿದ್ದೆ: ತಂತಿ ಇಲಿ ಕಡಿದಿತ್ತು ಅನ್ನುವುದು. ಪ್ರೀತಿಯಿಂದ ಮಾಡಿದ್ದೇ ಕೆಡಿಸಿತು ಎಂದು ಯಾವ ಬಾಯಲ್ಲಿ ಹೇಳುವುದು? ಆದರೆ ದನಿ ಬಂದದ್ದೇ ತಡ, ಅತ್ತೆ ಒಳಗೆ ಹೋಗಿ ಈಬತ್ತಿಯ ಬಟ್ಟಲು ಹಿಡಿದು ಬಂದರು. ಇಲಿಯ ಕಥೆ ಹೇಳಿದ್ದರೆ ಆರು ತಿಂಗಳಲ್ಲಿ ತಂತಿ ಮತ್ತೆ ಹೋಗುತ್ತಿತ್ತು.

"ಅತ್ತಿ, ತಡೀರಿ. ಈಬತ್ತಿ ತಪ್ಪಿದ್ದಕ್ಕ ಕೆಟ್ಟಿಲ್ರಿ. ಈಬತ್ತಿ ನೀರೇ ಒಳಗಿಳಿದು ತಂತಿ ತಿಂದಾದ್ರಿ" ಎಂದೆ, ನೆಲ ನೋಡುತ್ತ.

ಅವರು ಕೈಯಲ್ಲಿದ್ದ ಬಟ್ಟಲನ್ನು ನೋಡಿದರು, ರೇಡಿಯೋವನ್ನು ನೋಡಿದರು. ನೋಯಿಸಿಬಿಟ್ಟೆ ಎಂದುಕೊಂಡೆ.

"ಹಂಗಾರ ನಿಮ್ಮ ಮಾಮಾಗ ನನ್ನ ಮ್ಯಾಲ ಸಿಟ್ಟಿಲ್ಲೇನು?"

"ಇಲ್ರಿ ಅತ್ತಿ."

ಬಟ್ಟಲು ಕೆಳಗಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಗು ತಡೆಯಲಾಗದೆ ಗೋಡೆಗೆ ಒರಗಿ ಕೂತರು.

"ಅವರು ಬಾಯಿ ಮುಚ್ಚಿಲ್ಲಪಾ. ಅವರ ಬಾಯಾಗ ನಾನೇ ಬೂದಿ ತುಂಬೀನಿ."