ಗಂಜಿ ನೀರಿಗೆ ಕಾವಲು ನಿಂತ ಐತಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿನಿಮಾದಲ್ಲಾದರೆ ಹೀರೋ ಎಂಟ್ರಿಗೆ ಧೂಳೆಬ್ಬಿಸುತ್ತಾರೆ, ಸ್ಲೋ ಮೋಷನ್ ಇಡುತ್ತಾರೆ. ನಮ್ಮ ಹೀರೋ ಐತಪ್ಪ ಊಟದ ಹಾಲ್‌ನ ಹಿಂದೆ ಹುಲ್ಲಿನ ಮೇಲೆ ಮಂಡಿಯೂರಿ ನೆಲ ಮೂಸುತ್ತಿದ್ದಾರೆ.

"ವಾಸನೆ ಇಲ್ಲ. ಬಚಾವ್," ಎನ್ನುತ್ತಾರೆ.

ಕೆಳಗಿರುವುದು ಕ್ಯಾಂಪಿನ ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಕೊಳವೆಗಳು. ಹತ್ತು ಗಂಟೆಗೆ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಇನ್‌ಸ್ಪೆಕ್ಟರ್ ಬರುತ್ತಾರೆ. ಫೇಲಾದರೆ ಜುಲೈನ ಮಕ್ಕಳ ಶಿಬಿರಕ್ಕೆ ಬೀಗ.

ಅಮೆರಿಕದ ಮಾರಿಸ್‌ವಿಲ್ ಪಟ್ಟಣದಿಂದ ಒಂದೂವರೆ ಗಂಟೆ ಡ್ರೈವ್ ದೂರದ ಈ ಜಾಗ ಮೊದಲು ತಂಬಾಕಿನ ಹೊಲ, ಆಮೇಲೆ ಒಂದು ಚರ್ಚಿನ ಬೇಸಿಗೆ ಶಿಬಿರ. ಕೋವಿಡ್ ಬಂದು ಅದು ಮುಚ್ಚಿದಾಗ ಕೆಲವು ಕನ್ನಡ ಕುಟುಂಬಗಳು ಸೇರಿ ಕೊಂಡವು. ತಂಬಾಕು ಒಣಗಿಸುತ್ತಿದ್ದ ಕೊಟ್ಟಿಗೆಯೇ ಈಗ ಮಕ್ಕಳ ನಾಟಕದ ರಂಗ. ಬಂಟ್ವಾಳದ ಐತಪ್ಪ ಹಡಗಿನ ಎಂಜಿನ್ ರೂಮು, ಅಟ್ಲಾಂಟಾದ ಮೋಟೆಲ್‌ಗಳ ರಿಪೇರಿ ಎಲ್ಲ ಮುಗಿಸಿ ಆಗಲೇ ಇಲ್ಲಿಗೆ ಬಂದವರು. ಪೈಪು, ಪಂಪು, ಹುಲ್ಲು ಎಲ್ಲಕ್ಕೂ ಅವರೊಬ್ಬರೇ.

ಕಳೆದ ಬೇಸಿಗೆಯಲ್ಲಿ ವಿಲನ್ ಆಗಿದ್ದು ಕುಚಲಕ್ಕಿ. ನೂರು ಜನರಿಗೆ ಅನ್ನ ಬೇಯಿಸಿದ ಕರಾವಳಿ ತಂಡ, ಮನೆಯಲ್ಲಿ ಮಾಡುವಂತೆಯೇ ಗಂಜಿ ಬಸಿದು ದಿನವೂ ಸಿಂಕಿಗೆ ಸುರಿಯಿತು. ಅದು ಟ್ಯಾಂಕ್ ದಾಟಿ ಕೊಳವೆಗಳಲ್ಲಿ ಅಂಟಿನಂತೆ ಕಟ್ಟಿಕೊಂಡಿತು. ನಾಲ್ಕನೇ ದಿನ ಗಲೀಜು ನೀರು ಹುಲ್ಲಿನ ಮೇಲೆ. ಕೌಂಟಿಯವರು ಶಿಬಿರ ನಿಲ್ಲಿಸಿದರು. ಮಕ್ಕಳು ನಾಟಕಕ್ಕೆ ಬಣ್ಣ ಹಚ್ಚಿದ ಮುಖದಲ್ಲೇ ಕಾರು ಹತ್ತಿದರು.

"ಬೈಲಿಕ್ಕೆ ಯಾರನ್ನು? ಉಂಡವರಲ್ಲಿ ನಾನೂ ಇದ್ದೆ," ಎಂದು ಐತಪ್ಪ ನಗುತ್ತಾರೆ. ಚಳಿಗಾಲವಿಡೀ ಕಂಟ್ರಾಕ್ಟರ್ ಜತೆ ನಿಂತು ನೆಲ ಅಗೆದು ಕೊಳವೆ ಬದಲಿಸಿದ್ದಾರೆ. ಈಗ ಗಂಜಿ ಬಕೆಟ್ಟಿಗೆ, ಬಕೆಟ್ಟು ಪಕ್ಕದ ಫಾರ್ಮಿನ ಹಂದಿಗಳಿಗೆ.

ಒಂಬತ್ತಕ್ಕೆ ಸಮಿತಿಯ ಕಾರ್ಯದರ್ಶಿ ಯಾಮಿನಿ ಬರುತ್ತಾರೆ. "ಅಂಕಲ್, ಪ್ಲೀಸ್ ಶರ್ಟ್ ಚೇಂಜ್ ಮಾಡ್ಕೊಳ್ಳಿ. ಫಸ್ಟ್ ಇಂಪ್ರೆಷನ್!"

"ಅವರು ಬರುವುದು ಟ್ಯಾಂಕ್ ನೋಡ್ಲಿಕ್ಕೆ ಮಾರಾಯ್ತಿ, ಗಂಡು ನೋಡ್ಲಿಕ್ಕಲ್ಲ."

ಇನ್‌ಸ್ಪೆಕ್ಟರ್ ಎಲ್ಲ ನಲ್ಲಿ ತೆರೆಸಿ, ಹುಲ್ಲಿನ ಮೇಲೆ ಮುಕ್ಕಾಲು ಗಂಟೆ ಓಡಾಡುತ್ತಾರೆ. ಅವರ ಬೂಟುಗಳನ್ನೇ ನೋಡುತ್ತಾ ಐತಪ್ಪ ಹಿಂದೆ ಹಿಂದೆ. ಬೂಟಿಗೆ ಒಂದು ಹನಿ ಪಸೆಯಿಲ್ಲ. "ಯು ಆರ್ ಗುಡ್," ಎಂದು ಅವರು ಕೈ ಕುಲುಕಿದ್ದೇ ತಡ, ಯಾಮಿನಿ ಫಸ್ಟ್ ಡೇ ಫಸ್ಟ್ ಶೋ ಲೆವೆಲ್ಲಿಗೆ ವಿಸಿಲ್ ಹೊಡೆಯುತ್ತಾರೆ.

ಐತಪ್ಪ ವಿಸಿಲ್ಲಿಗೆ ತಲೆ ಎತ್ತುವುದಿಲ್ಲ. ಇನ್‌ಸ್ಪೆಕ್ಟರ್ ತುಳಿದ ಹುಲ್ಲನ್ನು ಕಾಲಲ್ಲಿ ಎಬ್ಬಿಸುತ್ತಿದ್ದಾರೆ. ಇನ್ನೇನು ಆಸೆ ಎಂದು ಕೇಳಿದರೆ, ಹೇಳುತ್ತಾರೆ:

"ಜುಲೈಯಲ್ಲಿ ಮಕ್ಕಳು ಇಲ್ಲಿ ಬರಿಗಾಲಲ್ಲಿ ಓಡ್ಬೇಕು. ಅಡಿಯಲ್ಲಿ ಏನುಂಟು ಅಂತ ಒಬ್ಬರಿಗೂ ನೆನಪಾಗ್ಬಾರ್ದು. ಅಷ್ಟೇ."