ಮೂರು ಚಿತ್ರಗಳಲ್ಲಿ ಅಕ್ಕನ ಹೆಬ್ಬೆರಳು

ನಮ್ಮ ಸ್ಟುಡಿಯೋದ ಹಾಡಿನ ವಿಡಿಯೋಗಳನ್ನು ಮೆಚ್ಚುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಕೆಲಸ ಕೆಟ್ಟದ್ದೆಂದಲ್ಲ. ಅದು ಯಾರ ಕೆಲಸವೆಂದು ಒಬ್ಬರೂ ಕೇಳುವುದಿಲ್ಲ, ಅದಕ್ಕೆ.

ಕೆಲಸ ನನ್ನ ಅಕ್ಕನದು. ಮೊದಲು ಬಟ್ಟೆ ಹೊಲಿಯುತ್ತಿದ್ದಳು. ಆರು ವರ್ಷದಿಂದ ಇಲ್ಲಿ ಕಾಗದ ಕತ್ತರಿಸುತ್ತಾಳೆ. ನಾನು ಲೈಟು ಕಟ್ಟುವವನು. ಹಾಡುವವರನ್ನು ಕ್ಯಾಮೆರಾದಲ್ಲಿ ಹಿಡಿದು, ಒಂದೊಂದು ಚಿತ್ರವನ್ನೂ ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ಅಕ್ಕ ಆ ಆಕಾರವನ್ನು ಕತ್ತರಿಸಿ, ಗಾಜಿನ ಮೇಜಿನ ಮೇಲೆ ಬಟ್ಟೆ ಚೂರು, ಗುಂಡಿ, ಒಣಗಿದ ಎಲೆಗಳ ನಡುವೆ ಇಟ್ಟು, ಕಾಲಲ್ಲಿ ಪೆಡಲ್ ತುಳಿದರೆ ಮೇಲೆ ತೂಗುಹಾಕಿದ ಕ್ಯಾಮೆರಾದಲ್ಲಿ ಒಂದು ಕ್ಲಿಕ್. ಕೂದಲೆಳೆಯಷ್ಟು ಸರಿಸಿ ಇನ್ನೊಂದು ಕ್ಲಿಕ್. ಹನ್ನೆರಡು ಕ್ಲಿಕ್ಕಾದರೆ ಹಾಡಿನಲ್ಲಿ ಒಂದು ಸೆಕೆಂಡು. ಹಳೇ ನೀಲಿ ಅಂಗಿಯೊಂದು ಅವಳ ಕೈಯಲ್ಲಿ ನದಿಯಾಗಿ ಪರದೆಯ ಮೇಲೆ ಸಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಲ್ಲಿ ಎಲ್ಲರಿಗೂ ಅವಳು ಕತ್ತರಿ ಅಕ್ಕ. ನಿರ್ದೇಶಕನನ್ನು ಮಾತ್ರ ಗುರುಗಳು ಎನ್ನಬೇಕು. ಹಾಗೆ ಕರೆಯಿರೆಂದು ಹೇಳಿಕೊಟ್ಟವನೂ ಅವನೇ. ಮೇಜಿನ ಹತ್ತಿರ ಬರುವುದು ಫೋಟೋ ತೆಗೆಸಿಕೊಳ್ಳಲು ಮಾತ್ರ. ಆಗ ಅಕ್ಕನ ಕತ್ತರಿಯನ್ನೇ ಇಸಿದುಕೊಂಡು ತಲೆ ಓರೆ ಮಾಡಿ ನಿಲ್ಲುತ್ತಾನೆ. ಒಮ್ಮೆ ಅದರೊಳಗೆ ಬೆರಳು ಸಿಕ್ಕಿಕೊಂಡು, ಸೋಪು ಹಚ್ಚಿ ಬಿಡಿಸಬೇಕಾಯಿತು.

ಹಾಡಿನ ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅದರಲ್ಲಿ ತನ್ನದೂ ಒಂದು ಬರಲಿ ಎಂಬುದು ಅಕ್ಕನ ಆಸೆ. ಅಷ್ಟೇ. "ಒಂದೂ ತಪ್ಪಿಲ್ದೆ ಒಂದು ಹಾಡು ಮುಗ್ಸಿ, ಹಾಕಿಸ್ತೀನಿ" ಎಂದು ಅವನು ಆರು ವರ್ಷದಿಂದ ಮೂಗಿಗೆ ತುಪ್ಪ ಸವರುತ್ತಲೇ ಬಂದಿದ್ದ.

ಈ ಸಲ ತಪ್ಪಾಗಲಿಲ್ಲ, ಕೊನೆಯ ದಿನದವರೆಗೆ. ಅಂದು ಸೆಕೆಯೆಂದು ಫ್ಯಾನ್ ಹಾಕಿದವನು ನಾನು. ಕಾಗದದ ಹಕ್ಕಿಯ ರೆಕ್ಕೆ ಮೇಲೆದ್ದಿತು. ಅಕ್ಕ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಕೈ ಒತ್ತಿದ ಕೂಡಲೇ ಕಾಲು ತುಳಿಯುವುದು ಹೊಲಿಗೆಯವರ ಅಭ್ಯಾಸ. ಮೂರು ಸಲ ತುಳಿದೇಬಿಟ್ಟಳು. ಎಂದೋ ಹೊಲಿಗೆ ಸೂಜಿ ಹೊಕ್ಕು ನಡುವೆ ಸೀಳಿದ್ದ ಉಗುರಿನ ಸಮೇತ ಹೆಬ್ಬೆರಳು ಮೂರು ಚಿತ್ರಗಳಲ್ಲಿ ಸೇರಿಕೊಂಡಿತು.

ಗೊತ್ತಾಗುವಷ್ಟರಲ್ಲಿ ಮುಂದಿನ ಚಿತ್ರಗಳಿಗಾಗಿ ಅದೇ ಹಕ್ಕಿಯನ್ನು ಚೂರುಚೂರಾಗಿ ಕತ್ತರಿಸಿ ಆಗಿತ್ತು; ಆ ಮೂರನ್ನು ಮತ್ತೆ ತೆಗೆಯುವಂತಿರಲಿಲ್ಲ. ಕಂಪ್ಯೂಟರಿನಲ್ಲಿ ಅಳಿಸಬಹುದಿತ್ತು. ಆದರೆ "ನಮ್ಮದೆಲ್ಲ ಕೈಯಲ್ಲೇ" ಎಂದು ಗುರುಗಳು ಊರೆಲ್ಲ ಡಂಗುರ ಹೊಡೆದಿದ್ದರು. "ಹೆಸರಿನ ಮಾತು ಇನ್ನು ಮರೆತುಬಿಡಿ" ಎಂದುಬಿಟ್ಟ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಹಾಡು ತೋರಿಸಿದ ದಿನ ಸಭಾಂಗಣದ ತುಂಬ ಮೆಚ್ಚುವ ಜನ. ಒಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ ವಿಮರ್ಶಕನೊಬ್ಬ ಎದ್ದು, "ಆ ಸೀಳಿದ ಉಗುರು ಇದ್ಯಲ್ಲ, ಅದು ಕಾಲದ ಗಾಯ" ಎಂದ. ಪಕ್ಕದಲ್ಲಿದ್ದವಳು, "ಅಲ್ಲ, ಕಲಾವಿದರು ತಮ್ಮ ನೋವನ್ನೇ ತೋರಿಸ್ಕೊಂಡಿದ್ದಾರೆ" ಎಂದು ಕಣ್ಣೊರೆಸಿಕೊಂಡಳು. ಇಂಥವರ ಚಪ್ಪಾಳೆಗೆ ಅಕ್ಕ ಆರು ವರ್ಷ ಕಣ್ಣು ಸವೆಸಿದ್ದಾಳೆ. ಗುರುಗಳು ಕಣ್ಣು ಮುಚ್ಚಿ ತಲೆದೂಗಿದರು. "ತುಂಬಾ ಯೋಚ್ನೆ ಮಾಡಿ ಇಟ್ಟಿದ್ದು ಅದು" ಎಂದರು. ಕೈ ಎರಡೂ ಜೇಬಿನಲ್ಲಿದ್ದವು.

ಮರುವಾರ ಪತ್ರಿಕೆಯೊಂದು ಗುರುಗಳ ಆ ಬೆರಳಿನ ಫೋಟೋ ಬೇಕೆಂದಿತು. ಅವನು ಅಕ್ಕನ ಮೇಜಿನ ಹತ್ತಿರ ಬಂದು ಬೆಣ್ಣೆಯಂಥ ಹೆಬ್ಬೆರಳನ್ನು ಚಾಚಿದ.

"ಅಕ್ಕ, ಉಗುರು ಸೀಳಿದ ಹಾಗೆ ಕಾಣೋ ತರ ಏನಾದ್ರೂ ಬಣ್ಣ ಹಚ್ಕೊಡ್ತೀರಾ? ನಾಳೆ ಫೋಟೋದವರು ಬರ್ತಾರೆ."

ಅಕ್ಕ ಆ ಬೆರಳನ್ನು ಗಾಜಿನ ಮೇಲಿಟ್ಟು ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಕತ್ತರಿ ಎತ್ತಿಕೊಂಡಳು.

"ಬಣ್ಣ ಯಾಕೆ? ನಮ್ಮದೆಲ್ಲ ಕೈಯಲ್ಲೇ ಅಲ್ವಾ?" ಎಂದಳು.

ಅವನು ಬೆರಳು ಎಳೆದುಕೊಳ್ಳಲು ನೋಡಿದ. "ಹೆಸರು ಹಾಕಿಸ್ತೀನಿ. ಇವತ್ತೇ ಹಾಕಿಸ್ತೀನಿ, ಬಿಡಿ" ಎಂದು ತೊದಲಿದ.

ಅಕ್ಕ ಬಿಟ್ಟಳು. ಅವನು ಬೆರಳು ಉಜ್ಜಿಕೊಂಡು, ಬರೆದುಕೊಳ್ಳಲು ಫೋನು ತೆಗೆದು ನಿಂತ. ನಿಂತೇ ಇದ್ದ. ನನ್ನ ಮುಖ ನೋಡಿದ; ನಾನು ಲೈಟಿನ ವೈರು ಸುತ್ತತೊಡಗಿದೆ.

ಕೊನೆಗೆ ಅವಳನ್ನೇ ಕೇಳಬೇಕಾಯಿತು: "ಅಂದ ಹಾಗೆ ಅಕ್ಕ, ನಿಮ್ಮ ಹೆಸರೇನು?"