ಅವರೆ ಬಳ್ಳಿಯ ಮಧ್ಯಾಹ್ನ

ನಮ್ಮ ಶ್ರೀರಂಗಪಟ್ಟಣದ ಮನೆಯ ಹಿತ್ತಲಲ್ಲಿ ಒಂದು ಅವರೆ ಬಳ್ಳಿ ಇದೆ. ಇವತ್ತು ಮಧ್ಯಾಹ್ನದ ಬಿಸಿಲಿಗೆ ಅದರ ಎಲೆಯೆಲ್ಲ ಜೋತುಬಿದ್ದಿತ್ತು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯವರು ಇಣುಕಿ, "ಮುಗೀತು ಸಾ, ಕಿತ್ತಾಕ್ಬುಡಿ" ಎಂದರು. ಮಳೆಗೆ ಬರಗಾಲವಿದ್ದೀತು, ನಮ್ಮಲ್ಲಿ ಸಲಹೆಗಿಲ್ಲ. ನಾನು ಕೀಳಲಿಲ್ಲ. ಅದು ಸಾವಿತ್ರತ್ತೆ ಕೊಟ್ಟ ಬೀಜದ ಬಳ್ಳಿ. ಅತ್ತೆ ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ.

ಅತ್ತೆಯ ವಿಷಯ ಹೇಳಬೇಕಾದರೆ ಅವರಣ್ಣ, ಅಂದರೆ ನಮ್ಮ ದೊಡ್ಡಪ್ಪನಿಂದ ಶುರುಮಾಡಬೇಕು. ನಾನು ಬೆಳೆದದ್ದು ಅವರ ಮನೆಯಲ್ಲೇ. ಪಾಂಡವಪುರದಲ್ಲಿ ಚರಿತ್ರೆಯ ಮೇಷ್ಟರಾಗಿದ್ದ ಅವರ ಹತ್ತಿರ, ಹಿಂದೆ ಯಾರೋ ಇಂಗ್ಲಿಷ್ ಸಾಹೇಬ ನಮ್ಮ ಸೀಮೆಯ ಜನರ ಬಗ್ಗೆ ಬರೆದ ದಪ್ಪ ಪುಸ್ತಕವಿತ್ತು. ಅದರ ಪ್ರಕಾರ ದುಃಖ ಇಳಿಯುವಷ್ಟು ಆಳದ ಮನಸ್ಸೇ ಈ ಜನಕ್ಕಿಲ್ಲ. ಸುಮ್ಮನೆ ಕೂತಿದ್ದರೆ ಅದು ಬಿಸಿಲು ತಂದ ಸೋಮಾರಿತನ. ಗಿಡಮರಗಳ ಜೊತೆ ಮಾತಾಡಿದರೆ ಹುಚ್ಚು. ಸಾಹೇಬ ತಾನು ನಮ್ಮ ಒಂದೇ ಬೇಸಿಗೆಗೆ ಮಂಕಾಗಿ ಊಟಿಗೆ ಓಡಿದನಂತೆ. ಅದು ಮಾತ್ರ ಸೋಮಾರಿತನವಲ್ಲ, ಹವಾ ಬದಲಾವಣೆ.

ಗಂಡನನ್ನು ಕಳೆದುಕೊಂಡು ನಾಗಮಂಗಲದಿಂದ ಅಣ್ಣನ ಮನೆಗೆ ಬಂದ ಅತ್ತೆ ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟರು. ಮಾತಿಲ್ಲ, ಅಳುವೂ ಇಲ್ಲ. ದೊಡ್ಡಪ್ಪ ಪುಸ್ತಕ ತಿರುವಿ ಸೋಮಾರಿತನ ಎಂದು ತೀರ್ಮಾನಿಸಿದರು. "ಎದ್ದು ಓಡಾಡಮ್ಮಿ, ಎಲ್ಲ ಸರಿಹೋಯ್ತದೆ." ಕೆಲವು ತಿಂಗಳ ಮೇಲೆ ಅತ್ತೆ ಬಾಯಿಬಿಟ್ಟರು, ಆದರೆ ಬೇಲಿಯ ಅವರೆ ಬಳ್ಳಿಯ ಹತ್ತಿರ: "ನಿಂಗೂ ಯಾರೂ ನೀರು ಕೊಡ್ನಿಲ್ವಾ?" ಸರಿ, ಹುಚ್ಚು ಎಂದಾಯಿತು. ನೀವೇ ಹೇಳಿ, ಒಬ್ಬ ಹೆಂಗಸು ತನ್ನ ಪಾಡಿಗೆ ತಾನು ದುಃಖಪಡಲು ಆ ದಪ್ಪ ಪುಸ್ತಕದಲ್ಲಿ ಒಂದು ಪುಟವಾದರೂ ಬೇಡವೇ?

ಆ ವರ್ಷ ಬಳ್ಳಿಗಳನ್ನು ಕೇಳುವವರಿರಲಿಲ್ಲ. ಬಹಳಷ್ಟು ಒಣಗಿದವು. ಉಳಿದ ಒಂದೆರಡರ ಬೀಜ ತಾನೇ ಸಿಡಿದು ಮೊಳೆಯಿತು. ಮುಂದೆ ಮಳೆ ವರ್ಷಕ್ಕೊಂದು ಥರ ಆಡತೊಡಗಿದಾಗ ಊರವರ ಅವರೆ ಕೈಕೊಟ್ಟಿತು, ನಮ್ಮ ಬೇಲಿಯದು ಕಾಯಿ ಬಿಟ್ಟಿತು. ಸುದ್ದಿ ತಿಳಿದು ಕೆ.ಆರ್.ಪೇಟೆಯಿಂದ ಕೃಷಿ ಓದಿದ ಹುಡುಗಿಯೊಬ್ಬಳು ನೋಡಲು ಬಂದಳು.

"ನೀರು ಸಾಲ್ದಾಗ ಇದು ಬೆಳೆಯೋದು ನಿಲ್ಲಿಸ್ಬುಡ್ತದೆ ಸಾರ್. ಎಲೆ ಇಳಿಬಿಟ್ಕೊಂಡು ಜೀವ ಹಿಡ್ಕೊಂಡಿರ್ತದೆ. ಹವಾಮಾನ ಹಿಂಗೆ ಬದಲಾಯ್ತಿದ್ರೆ ಇಂಥವೇ ಉಳಿಯೋದು" ಎಂದಳು.

ದೊಡ್ಡಪ್ಪನ ಕಣ್ಣು ತೇವವಾಯಿತು. "ಪಾಪ, ಎಷ್ಟು ನೊಂದಿತ್ತೋ ಏನೋ."

ಕಲ್ಲಿನ ಮೇಲೆ ಕೂತು ಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಬಳ್ಳಿ ಸುಮ್ನಿದ್ರೆ ಪಾಪ ಅಂತೀಯ ಅಣ್ಣ. ನಾನು ಸುಮ್ನಿದ್ದಾಗ ಓಡಾಡು ಅಂದೆ."

ದೊಡ್ಡಪ್ಪ ಒಳಗೆ ಹೋದರು. ಪುಸ್ತಕ ತರುತ್ತಾರೆ ಎಂದುಕೊಂಡೆ. ಮಣೆ ತಂದು ತಂಗಿಯ ಪಕ್ಕದಲ್ಲಿ ಹಾಕಿ ಕೂತರು. ಬಹಳ ಹೊತ್ತಾದ ಮೇಲೆ ಕೇಳಿದರು, "ಎಷ್ಟೊತ್ತು ಕೂರ್ಬೇಕಮ್ಮಿ?"

"ಸಾಕು ಅನ್ನೋಗಂಟ."

ಅತ್ತೆ ಹೋದಂದಿನಿಂದ ನಾನೂ ಹಿತ್ತಲಲ್ಲೇ ಕೂರುತ್ತೇನೆ. ಕೇಳಿದವರಿಗೆಲ್ಲ ಸೆಕೆ ಎನ್ನುತ್ತಿದ್ದೆ. ಸಾಹೇಬ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದ.

ಪಕ್ಕದ ಮನೆಯವರು ಸಂಜೆ ಮತ್ತೆ ಇಣುಕಿದರು. "ಇನ್ನೂ ಇಲ್ಲೇ ಕೂತಿದ್ದೀರಲ್ಲ ಸಾ, ಸೆಕೆನಾ?"

"ಸೆಕೆ ಅಲ್ಲ. ನಮ್ಮತ್ತೆ ಹೋಗ್ಬುಟ್ರು. ಸಂಕಟ."

ಅವರು ಗೇಟು ತೆಗೆದು ಒಳಗೆ ಬಂದು ಮೆಟ್ಟಿಲ ಮೇಲೆ ಕೂತರು. ಸಲಹೆ ಏನೂ ಕೊಡಲಿಲ್ಲ.